ಹೊಸ ಜೋಡಿ ಹಿಂದಕ್ಕೆ

ಟೈರ್ ಅಂಗಡಿಯವನಿಗೆ ಗಿರಾಕಿಗಳು ಇಟ್ಟ ಹೆಸರು ಹಿಂದ್ಗಡೆ ಮೇಷ್ಟ್ರು. ಅದರಿಂದ ಅವನಿಗೇನೂ ಬೇಸರವಿರಲಿಲ್ಲ, ಒಳಗೊಳಗೇ ಖುಷಿಯೇ ಇತ್ತು. ನಾಲ್ಕೂ ಟೈರು ಒಟ್ಟಿಗೆ ಬದಲಿಸುವ ಪುಣ್ಯಾತ್ಮರು ಅಪರೂಪ. ಎರಡು ಸಾಕು ಎಂದು ಬರುವವರೇ ಹೆಚ್ಚು, ಮತ್ತು ಬಂದವರೆಲ್ಲ ಒಂದೇ ಗುರುವಿನ ಹತ್ತಿರ ಕಲಿತವರ ಹಾಗೆ ಒಂದೇ ಮಾತು ಹೇಳುತ್ತಿದ್ದರು: "ಎಂಜಿನ್ ಮುಂದಿದೆ, ತಿರುಗೋದು ಮುಂದಿನ ಚಕ್ರ, ಸವೆದಿರೋದೂ ಮುಂದಿಂದೇ. ಹೊಸದನ್ನ ಮುಂದೇ ಹಾಕ್ಬಿಡಿ." ಅಷ್ಟು ಕಿವಿಗೆ ಬಿದ್ದರೆ ಸಾಕು, ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಪಾಠ ಶುರು ಮಾಡುತ್ತಿದ್ದ.

"ನೋಡಿ, ಮಳೇಲಿ ಮುಂದಿನ ಚಕ್ರ ಜಾರಿದ್ರೆ ನಿಮಗೆ ಕೈಯಲ್ಲೇ ಗೊತ್ತಾಗುತ್ತೆ. ಸ್ಟೀರಿಂಗ್ ಹಗುರ ಆಗುತ್ತೆ, ಗಾಡಿ ತಿರುಗೋ ಬದಲು ನೆಟ್ಟಗೆ ಹೋಗೋಕೆ ನೋಡುತ್ತೆ. ಕಾಲು ತೆಗೆದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಹಿಂದಿನ ಚಕ್ರ ಹಾಗಲ್ಲ. ಹೇಳದೆ ಕೇಳದೆ ಬಾಲ ಮುಂದಕ್ಕೆ ಬರುತ್ತೆ. ಆಮೇಲೆ ನೀವು ಎಂಥ ಡ್ರೈವರ್ ಆದ್ರೂ ಒಂದೇ, ನಮ್ಮಜ್ಜಿ ಆದ್ರೂ ಒಂದೇ. ಅದಕ್ಕೇ ಹಳೇದು ಮುಂದೆ, ಹೊಸದು ಹಿಂದೆ."

ಗೋಡೆಯ ಮೇಲೆ ಬೋರ್ಡೂ ಇತ್ತು, ತಾನೇ ಕೈಯಾರೆ ಬರೆದದ್ದು: 'ಹೊಸ ಜೋಡಿ ಹಿಂದಕ್ಕೆ. ಇಲ್ಲಿ ವಾದಕ್ಕೆ ಜಾಗವಿಲ್ಲ.' ಅದನ್ನು ಓದಿದ ಒಬ್ಬ ಲಾರಿ ಡ್ರೈವರು, ಮದುವೆಯಾದ ಹೊಸ ಜೋಡಿಯೂ ಹಿಂದಿನ ಸೀಟಿನಲ್ಲೇ ಕೂರುವುದು ಬಿಡಿ ಎಂದು ನಗಾಡಿದ್ದ. ಆದರೆ ಈ ನಿಯಮ ಪಾಲಿಸುವುದು ಬೋರ್ಡು ಬರೆದಷ್ಟು ಸುಲಭವಲ್ಲ. ಸವೆಯುವುದು ಮುಂದಿನ ಜೋಡಿ. ಅದನ್ನು ಬಿಚ್ಚಿದ ಜಾಗಕ್ಕೇ ಹೊಸದನ್ನು ಹಾಕಿದರೆ ಅರ್ಧ ಕೆಲಸ. ಸರಿಯಾಗಿ ಮಾಡಬೇಕೆಂದರೆ ಹಿಂದಿನ ಜೋಡಿಯನ್ನೂ ಬಿಚ್ಚಿ ಮುಂದಕ್ಕೆ ತಂದು, ಹೊಸದನ್ನು ಹಿಂದೆ ಕೂರಿಸಬೇಕು. ನಾಲ್ಕೂ ಚಕ್ರ ಇಳಿಯಬೇಕು, ನಾಲ್ಕೂ ಏರಬೇಕು. ಅವನು ಗುರುತು ಪರಿಚಯವಿಲ್ಲದವರಿಗೂ ಹಾಗೆಯೇ ಮಾಡಿಕೊಡುತ್ತಿದ್ದ. ಒಪ್ಪದವರನ್ನು ಬಂದ ದಾರಿಗೆ ಸುಂಕವಿಲ್ಲದೆ ಕಳಿಸಿದ್ದೂ ಉಂಟು.

ಇಂಥವನು ತನ್ನ ಸ್ವಂತ ಭಾವನ ಗಾಡಿಗೆ ಹೊಸ ಜೋಡಿಯನ್ನು ಮುಂದೆ ಹಾಕಿ ಕಳಿಸಿದ.

ಭಾವ ಡ್ರೈವಿಂಗ್ ಶಾಲೆಯವರು. ಶಾಲೆ ಎಂದರೆ ಒಂದು ಕಾರು, ಅದರ ತಲೆಯ ಮೇಲೊಂದು ಹಳದಿ ಫಲಕ, ಪಕ್ಕದ ಸೀಟಿನ ಕೆಳಗೆ ಮೇಷ್ಟರಿಗೆಂದು ಇನ್ನೊಂದು ಜೊತೆ ಪೆಡಲು, ಅಷ್ಟೆ. ಊರಲ್ಲಿ ಅರ್ಧ ಜನ ಕ್ಲಚ್ಚು ಬಿಡುವುದನ್ನು ಕಲಿತದ್ದು ಅವರ ಪಕ್ಕದಲ್ಲಿ ಕೂತು. ಇಷ್ಟು ವರ್ಷದಲ್ಲಿ ತಮ್ಮ ಕೈಯಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ ಎನ್ನುವುದು ಅವರ ಒಂದೇ ಜಂಬ. ಉಳಿದಂತೆ ಬಾಯಿ ಸತ್ತ ಮನುಷ್ಯ. ಅಪ್ಪ ಅಮ್ಮ ಹೋದ ಮೇಲೆ ಟೈರಿನವನು ಬೆಳೆದದ್ದೇ ಅಕ್ಕ ಭಾವನ ಮನೆಯಲ್ಲಿ. ಟೈರಿನ ವಿಷಯಕ್ಕೆ ಭಾವ ಒಂದು ದಿನವೂ ತಲೆ ಹಾಕಿದವರಲ್ಲ. "ಸ್ಟೀರಿಂಗ್ ನಂದು, ಚಕ್ರ ನಿಂದು," ಎಂದುಬಿಡುತ್ತಿದ್ದರು.

ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅದು. ಒಂದು ಹನಿ ಬಿದ್ದ ತಕ್ಷಣ ಊರಿಗೆಲ್ಲ ಟೈರಿನ ನೆನಪಾಗುತ್ತದೆ. ಅಂಗಡಿಯ ಮುಂದೆ ಗಾಡಿಗಳ ಸಾಲು. ಭಾವ ಬೀಗದ ಕೈ ಕೊಟ್ಟು, ಮಧ್ಯಾಹ್ನ ಅಕ್ಕನನ್ನು ಕರೆದುಕೊಂಡು ಅವರ ಸೋದರತ್ತೆಯನ್ನು ನೋಡಲು ಹೋಗಬೇಕು, ಅಷ್ಟರಲ್ಲಿ ಆದರೆ ಸಾಕು ಎಂದು ಹೋದರು. ಅವನು ಮುಂದಿನ ಎರಡು ಚಕ್ರ ಇಳಿಸಿದ. ಸಾಲಿನಲ್ಲಿದ್ದ ಒಬ್ಬ ಹಾರ್ನ್ ಒತ್ತಿದ. ಇನ್ನೊಬ್ಬ, ಮನೆಯವರ ಗಾಡಿ ಆಮೇಲೆ ಮಾಡಿಕೊಳ್ಳಬಾರದೆ ಎಂದು ಗೊಣಗಿದ. ಅವನು ಹಿಂದಿನ ಟೈರುಗಳ ಕಡೆ ನೋಡಿದ. ಸುಮಾರಾಗಿ ಸವೆದಿದ್ದವು, ತೀರಾ ಬೋಳಲ್ಲ. ಹೇಗೂ ಮನೆಯ ಗಾಡಿ, ಎಲ್ಲಿಗೆ ಓಡಿ ಹೋಗುತ್ತದೆ, ಭಾನುವಾರ ಬಿಡುವಾಗಿ ಅದಲು ಬದಲು ಮಾಡಿದರಾಯಿತು ಎಂದುಕೊಂಡ. ಹೊಸದನ್ನು ಬಿಚ್ಚಿದ ಜಾಗಕ್ಕೇ ಏರಿಸಿ, ನಟ್ಟು ಬಿಗಿದು, ಮುಂದಿನ ಗಿರಾಕಿಯನ್ನು ಕರೆದು, ಅವನಿಗೆ ಹಿಂದಿನ ಚಕ್ರದ ಪಾಠ ಶುರು ಮಾಡಿದ.

"ಎಲ್ಲ ಸರಿ ಆಯ್ತೇನೋ?" ಭಾವ ಬಂದು ಕೇಳಿದರು.

"ಆಯ್ತು ಭಾವ. ನಮ್ಮನೆ ಗಾಡಿ ತಾನೆ."

ಭಾನುವಾರ ಬಂತು, ಹೋಯಿತು. ಆ ಭಾನುವಾರ ಅವನು ಹೊದ್ದು ಮಲಗಿದ್ದ. ಮತ್ತೊಂದು ಭಾನುವಾರ ಬರುವ ಮೊದಲೇ ಆ ಮಳೆ ಬಂತು.

ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಹಾಸಿದ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅವಳು ಕತ್ತರಿ ಆಡಿಸಿದರೆ ಒಂದು ಎಳೆ ಆಚೀಚೆ ಹೋಗುತ್ತಿರಲಿಲ್ಲ. ಸಂಜೆ ಅವಳನ್ನು ಕೂರಿಸಿಕೊಂಡು ಭಾವ ಮನೆಗೆ ಬರುತ್ತಿದ್ದರು. ಕಾರ್ಖಾನೆಯ ಇಳಿಜಾರಿನ ತಿರುವಿನಲ್ಲಿ ನೀರು ನಿಂತಿತ್ತು. ಅವರು ದಿನವೂ ತಿರುಗುವ ತಿರುವೇ ಅದು. ಗಾಡಿ ಬುಗುರಿಯ ಹಾಗೆ ಸುತ್ತಿ, ಅಕ್ಕ ಕೂತಿದ್ದ ಕಡೆಯಿಂದ ದೀಪದ ಕಂಬಕ್ಕೆ ಬಡಿಯಿತು.

ಅವನು ಆಸ್ಪತ್ರೆಗೆ ಓಡಿದಾಗ ಅಕ್ಕನ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕುತ್ತಿದ್ದರು. ಭಾವನಿಗೆ ಏನೂ ಆಗಿರಲಿಲ್ಲ. ಅವರು ಹೊರಗಿನ ಬೆಂಚಿನ ಮೇಲೆ ಕೂತು ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಳ್ಳುತ್ತಿದ್ದರು, ಅಲ್ಲೇನೋ ಅಂಟಿಕೊಂಡಿದೆಯೇನೋ ಎಂಬಂತೆ.

"ನಾನು ಜೋರಾಗಿ ಓಡಿಸ್ತಿರಲಿಲ್ಲ ಕಣೋ," ಎಂದರು. "ಮುಂದೆ ಹಿಡಿತ ಚೆನ್ನಾಗೇ ಇತ್ತು. ಹಿಂದಿಂದ ಯಾರೋ ತಳ್ಳಿದ ಹಾಗಾಯ್ತು. ನಾನು ಹೀಗೆ ತಿರುಗಿಸಿದೆ..." ಅವರು ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿ ತೋರಿಸಿದರು. "ತಪ್ಪು ಕಡೆ ತಿರುಗಿಸಿದೆ ಅನ್ಸುತ್ತೆ. ಇಲ್ದಿದ್ರೆ ಹಾಗ್ಯಾಕೆ ಆಗುತ್ತೆ?"

ಹಿಂದಿನಿಂದ ತಳ್ಳಿದ ಹಾಗಾಯಿತು ಎನ್ನುವ ಮಾತನ್ನು ಅವನು ಅದೆಷ್ಟು ಗಿರಾಕಿಗಳಿಗೆ ಕೈ ಆಡಿಸಿ ವರ್ಣಿಸಿದ್ದನೋ. ಈಗ ಅದು ಭಾವನ ಬಾಯಲ್ಲಿ ಬಂತು.

ಅಷ್ಟರಲ್ಲಿ ಭಾವನ ಅಣ್ಣ ಬಂದರು. ಎಲ್ಲರಿಗೂ ಬುದ್ಧಿ ಹೇಳಿಯೇ ತಲೆ ನೆರೆತವರು. "ವಯಸ್ಸಾಯ್ತಪ್ಪ ನಿಂಗೂ. ಕಣ್ಣು, ಕೈ ಮೊದಲಿನ ಹಾಗೆ ಇರಲ್ಲ. ಒಪ್ಕೋಬೇಕು," ಎಂದರು. ಆಮೇಲೆ ಟೈರಿನವನ ಕಡೆ ತಿರುಗಿ, "ನೀನು ಗಾಡಿ ಬಲ್ಲವನು, ನೀನೇ ಹೇಳು. ಗಾಡೀಲಿ ಏನಾದ್ರೂ ದೋಷ ಇತ್ತಾ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. "ಇಲ್ಲ. ಗಾಡಿ ಸರಿ ಇತ್ತು," ಎಂದ. ಬಾಯಿ ತಾನಾಗಿ ಹೇಳಿಬಿಟ್ಟಿತು, ಹೇಳಿದ ಮೇಲೆ ವಾಪಸ್ ನುಂಗುವ ಧೈರ್ಯ ಬರಲಿಲ್ಲ. ಭಾವ ತಲೆಯಾಡಿಸಿ ಮತ್ತೆ ಅಂಗೈ ನೋಡಿಕೊಂಡರು.

ಮರುದಿನ ಅವನು ಗಾಡಿಯನ್ನು ಅಂಗಡಿಗೆ ಎಳೆಸಿಕೊಂಡು ಬಂದ. ಬಾಗಿಲು ನೆಟ್ಟಗೆ ಮಾಡಿಸಬೇಕು, ಗಾಜು ಹಾಕಿಸಬೇಕು ಎನ್ನುವುದು ನೆಪ. ಮೊದಲು ಮಾಡಿದ ಕೆಲಸ ಬೇರೆಯೇ. ಬಾಗಿಲು ಅರ್ಧ ಎಳೆದುಕೊಂಡು ನಾಲ್ಕೂ ಚಕ್ರ ಇಳಿಸಿ, ಹೊಸ ಜೋಡಿಯನ್ನು ಹಿಂದಕ್ಕೆ, ಹಳೆಯದನ್ನು ಮುಂದಕ್ಕೆ ಹಾಕಿದ. ಗಾಡಿ ಇನ್ನೊಮ್ಮೆ ಜಾರಬಾರದೆಂದು ಹಾಗೆ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಉಳಿದರ್ಧ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ. ಕೊನೆಯ ನಟ್ಟು ಬಿಗಿದು ತಲೆ ಎತ್ತಿದರೆ ಎದುರಿಗೆ ಅವನದೇ ಬೋರ್ಡು. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಗಾಡಿ ರಿಪೇರಿಯಾಗಿ ಭಾವನ ಮನೆ ಮುಂದೆ ನಿಂತಿತು, ಆದರೆ ಭಾವ ಅದನ್ನು ಮುಟ್ಟಲಿಲ್ಲ. ಕಲಿಯುತ್ತಿದ್ದವರನ್ನೆಲ್ಲ ಮಾರುಕಟ್ಟೆಯ ಹತ್ತಿರದ ಇನ್ನೊಬ್ಬ ಮೇಷ್ಟರ ಕಡೆ ಕಳಿಸಿಬಿಟ್ಟರು. ತಲೆಯ ಮೇಲಿನ ಹಳದಿ ಫಲಕ ಬಿಚ್ಚಿ ಮಂಚದ ಕೆಳಗಿಟ್ಟರು. ಬಸ್ಸಿನಲ್ಲಿ ಓಡಾಡತೊಡಗಿದರು, ಅದೂ ಕಿಟಕಿಯಿಂದ ದೂರ ಕೂತು. ಅವನು ಮನೆಗೆ ಹೋದಾಗಲೆಲ್ಲ ಅವರು ಚಹಾದ ಲೋಟವನ್ನು ಮುಂದೆ ಚಾಚಿ ಹಿಡಿದು ಕೈ ನಡುಗುತ್ತದೆಯೇ ಎಂದು ನೋಡುತ್ತಿದ್ದರು. ನಡುಗುತ್ತಿರಲಿಲ್ಲ. "ಈಗ ಇಲ್ಲ. ಬೇಕಾದಾಗ ಕೈಕೊಡುತ್ತೆ," ಎನ್ನುತ್ತಿದ್ದರು. ಅಕ್ಕ ಎಡಗೈಯಲ್ಲಿ ತರಕಾರಿ ಹೆಚ್ಚಲು ಹೋಗಿ, ಅಡ್ಡಾದಿಡ್ಡಿಯಾದ ಹೋಳುಗಳನ್ನು ನೋಡಿ ತಾನೇ ನಗುತ್ತಿದ್ದಳು. ಆ ನಗುವಿಗೆ ಅವನು ನಗಲಾರದೆ, ಸುಮ್ಮನಿರಲೂ ಆರದೆ, ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನಂತೆ ಕೂತಿರುತ್ತಿದ್ದ.

ಒಂದು ಸಂಜೆ ಭಾವನೇ ಅವನನ್ನು ಕರೆಸಿದರು. ಗಾಡಿಯನ್ನು ಯಾರೋ ಕೊಳ್ಳಲು ಒಪ್ಪಿದ್ದರಂತೆ. "ಅವರಿಗೆ ಮೇಷ್ಟ್ರ ಪೆಡಲ್ ಬೇಡವಂತೆ. ಬಿಚ್ಚಿಕೊಡು," ಎಂದರು.

ಅವನು ಪಾನಾ ಹಿಡಿದು ಪಕ್ಕದ ಸೀಟಿನ ಕೆಳಗೆ ತಲೆ ತೂರಿಸಿದ. ಬ್ರೇಕಿನ ರಬ್ಬರು ಒಂದು ಮೂಲೆಯಲ್ಲಿ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಭಾವನ ಬೂಟಿನ ತುದಿ ಕೂರುತ್ತಿದ್ದ ಜಾಗ. ಹದಿನೆಂಟರ ವಯಸ್ಸಿನಲ್ಲಿ ಅವನೊಮ್ಮೆ ಗಾಡಿಯನ್ನು ಮಕ್ಕಳ ಶಾಲೆಯ ಗೋಡೆಗೆ ನುಗ್ಗಿಸುವುದರಲ್ಲಿದ್ದಾಗ ಇದೇ ಮೂಲೆ ಅವನನ್ನು ಉಳಿಸಿತ್ತು. ಭಾವ ಅವತ್ತು ಬೈಯಲಿಲ್ಲ, "ಇನ್ನೊಂದು ಸಲ ಮಾಡು" ಎಂದಿದ್ದರು ಅಷ್ಟೆ. ಪಾನಾ ನಟ್ಟಿನ ಮೇಲೆ ಕೂತಿತು. ತಿರುಗಿಸಲು ಅವನ ಕೈ ಏಳಲಿಲ್ಲ. ಅವನು ತಲೆ ಹೊರಗೆ ತೆಗೆದು ರಸ್ತೆಯ ಮೇಲೆಯೇ ಕೂತುಬಿಟ್ಟ.

"ಭಾವ, ತಪ್ಪು ನಿಮ್ಮದಲ್ಲ. ನಂದು."

ಹೊಸ್ತಿಲಲ್ಲಿ ನಿಂತಿದ್ದ ಅಕ್ಕನೂ ಕೇಳುವಂತೆ ಅವನು ಎಲ್ಲ ಹೇಳಿದ. ಸಾಲು ಇದ್ದದ್ದು, ಅರ್ಧ ಕೆಲಸ ಮಾಡಿದ್ದು, ಭಾನುವಾರ ಮಲಗಿದ್ದು.

ಭಾವ ಗಾಡಿಯನ್ನೊಂದು ಸುತ್ತು ಹಾಕಿದರು. ಹಿಂದಿನ ಚಕ್ರದ ಹತ್ತಿರ ಬಗ್ಗಿ ಬೆರಳಿನಿಂದ ಟೈರನ್ನು ಮುಟ್ಟಿ ನೋಡಿದರು. "ಹೊಸದು ಹಿಂದೇ ಇದೆಯಲ್ಲೋ."

"ಆಮೇಲೆ ಬದಲಾಯಿಸಿದೆ. ಗೊತ್ತಾಗಬಾರದು ಅಂತ."

ಭಾವ ಬೆರಳಿಗಂಟಿದ ಧೂಳು ಒರೆಸಿಕೊಂಡು ಎದ್ದು ನಿಂತರು. ಆಮೇಲೆ ಅವರ ಮುಖದಲ್ಲಿ ಇಷ್ಟು ದಿನ ಇಲ್ಲದಿದ್ದ ನಗು ಬಂತು. ಅವನ ಭುಜ ತಟ್ಟಿದರು. "ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಕತೆ ಕಟ್ಟಬೇಡ ಕಣೋ. ಬೋರ್ಡು ಹಾಕ್ಕೊಂಡು ಊರಿಗೆಲ್ಲ ಪಾಠ ಹೇಳೋನು ನೀನು. ನನ್ನ ಗಾಡಿಗೆ ಹಾಗೆ ಮಾಡ್ತೀಯಾ? ಆಸ್ಪತ್ರೇಲೂ ಸರಿ ಇತ್ತು ಅಂದಿದ್ದೆ."

"ನಿಜ ಹೇಳ್ತಿದೀನಿ ಭಾವ."

"ಸುಮ್ನಿರೋ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. "ಬೇರೆಯವರ ತಪ್ಪು ತಲೆ ಮೇಲೆ ಹಾಕ್ಕೊಳ್ಳೋಕೆ ಹೊರಟಿದಾನೆ. ಬೆಳೆಸಿದ್ದು ಸಾರ್ಥಕ ಆಯ್ತು ಬಿಡಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಒಂದೇಟು ಹಾಕಿದ್ದರೆ ಹಗುರವಾದರೂ ಆಗುತ್ತಿದ್ದ. ಅಕ್ಕ ಅವತ್ತು ಅವನ ತಟ್ಟೆಗೆ ಎಡಗೈಯಿಂದಲೇ ಇನ್ನಷ್ಟು, ಮತ್ತಷ್ಟು ಬಡಿಸಿದಳು. ಅವನು ತಲೆ ತಗ್ಗಿಸಿ ತಿಂದ. ಸತ್ಯ ಹೇಳಿ ಒಳ್ಳೆಯವನೆನಿಸಿಕೊಂಡ ಪಾಪಿ ಲೋಕದಲ್ಲಿ ತಾನೊಬ್ಬನೇ ಇರಬೇಕು ಎನಿಸಿತು.

ಸಾಕ್ಷಿಯನ್ನು ಅಳಿಸಿದ್ದು ಅವನೇ, ಮತ್ತೆ ಹುಟ್ಟಿಸಬೇಕಾದವನೂ ಅವನೇ. ಊರಾಚೆಯ ಗೋದಾಮಿನವರು ಅವನ ಗಿರಾಕಿಗಳು. ಲಾರಿಗಳು ತಿರುಗಿ ತಿರುಗಿ ಅಲ್ಲಿಯ ಸಿಮೆಂಟಿನ ಅಂಗಳ ಕನ್ನಡಿಯ ಹಾಗೆ ನುಣುಪಾಗಿತ್ತು, ರಜೆಯ ದಿನ ನೊಣವೂ ಇರುತ್ತಿರಲಿಲ್ಲ. ಪೆಡಲ್ ಬಿಚ್ಚುವ ಮೊದಲು ಒಂದೇ ಒಂದು ಸಲ ನನ್ನ ಮಾತು ಕೇಳಿ ಎಂದು ಭಾವನ ಬೆನ್ನು ಹತ್ತಿದ. ನಾನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಅವರು, ಒಂದೇ ಸಲ ಎಂದು ಇವನು. ಕೊನೆಗೆ ಅಕ್ಕನೇ, "ಖಾಲಿ ಜಾಗ ತಾನೆ, ಅವನ ಸಮಾಧಾನಕ್ಕೆ ಹೋಗೋಣ, ನಾನೂ ಬರ್ತೀನಿ," ಎಂದಳು. ಭಾನುವಾರ ಮಧ್ಯಾಹ್ನ ಮೂವರೂ ಹೊರಟರು. ಅಲ್ಲಿಯವರೆಗೆ ಅವನೇ ಓಡಿಸಿದ.

ಮಳೆ ನಿಂತು ಅಂಗಳದಲ್ಲಿ ತೆಳ್ಳಗೆ ನೀರಿತ್ತು. ಅಕ್ಕ ಗೋದಾಮಿನ ಮೆಟ್ಟಿಲ ಮೇಲೆ, ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಭಾವ ಸ್ಟೀರಿಂಗ್ ಹಿಂದೆ, ಅವನು ಮೇಷ್ಟರ ಸೀಟಿನಲ್ಲಿ, ಆ ಸವೆದ ಪೆಡಲಿನ ಮೇಲೆ ಕಾಲಿಟ್ಟು. ಭಾವನ ಕುತ್ತಿಗೆ ಬೆವತಿತ್ತು.

"ಅಂಗಳದ ನಡುವಿನ ಆ ಕಂಬ ಸುತ್ತಿ ತಿರುಗಿಸಿ, ತಿರುವಿನಲ್ಲಿ ಕಾಲು ತೆಗೀರಿ," ಎಂದ.

ಗಾಡಿ ತಿರುಗಿತು. ಮೂತಿ ಸ್ವಲ್ಪ ಹೊರಕ್ಕೆ ಹೋಗಲು ನೋಡಿತು, ಭಾವ ಕಾಲು ತೆಗೆದರು, ಅದು ಮತ್ತೆ ಹಿಡಿದುಕೊಂಡು ಸಾಧು ಹಸುವಿನ ಹಾಗೆ ಬಂದು ನಿಂತಿತು. "ಇದು ಈಗಿನ ಸ್ಥಿತಿ," ಎಂದು ಅವನು ಇಳಿದ.

ಆಮೇಲೆ ಜಾಕ್ ತೆಗೆದು, ನೀರಿನಲ್ಲಿ ಮಂಡಿಯೂರಿ, ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಇಳಿಸಿದ. ಹೊಸ ಜೋಡಿಯನ್ನು ಮುಂದಕ್ಕೆ ಉರುಳಿಸಿಕೊಂಡು ಹೋದ, ಹಳೆಯದನ್ನು ಹಿಂದಕ್ಕೆ ತಂದ. ಅವತ್ತು ಉಳಿಸಿಕೊಂಡ ಕೆಲಸ ಎಷ್ಟು ಸಣ್ಣದು ಎನ್ನುವುದು ಮಾಡುತ್ತ ಮಾಡುತ್ತ ಅವನಿಗೆ ಕಂಡಿತು. ಒಂದು ಚಹಾ ಕುಡಿಯುವ ಹೊತ್ತು, ಅಷ್ಟೆ. ಅಕ್ಕ ಮೆಟ್ಟಿಲ ಮೇಲಿಂದ ಒಂದೇ ಸಮನೆ ಅವನ ಕೈಯನ್ನೇ ನೋಡುತ್ತಿದ್ದಳು.

"ಇದು ಅವತ್ತಿನ ಸ್ಥಿತಿ. ಅದೇ ವೇಗ, ಅದೇ ಕಂಬ," ಎಂದ.

ಭಾವ ತಿರುಗಿಸಿ ಕಾಲು ತೆಗೆದರು. ಮೂತಿ ಹೇಳಿದ ಕಡೆ ಹೋಯಿತು, ಆದರೆ ಬಾಲ ಅದರ ಜೊತೆ ಬರಲಿಲ್ಲ. ಹಿಂದಿನಿಂದ ಯಾರೋ ತಳ್ಳಿದಂತೆ ಗಾಡಿ ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಬಾಲ ಹೊರಟ ಮೇಲೆ ಮೇಷ್ಟರ ಬ್ರೇಕನ್ನು ಅವನು ಪೂರ್ತಿ ಒತ್ತಿದ್ದ; ಗಾಡಿ ಸುತ್ತುವುದು ಅದರಿಂದ ನಿಲ್ಲಲಿಲ್ಲ.

ಭಾವ ಎಂಜಿನ್ ಆರಿಸಿದರು. "ಇದೇ," ಎಂದರು. "ಹೀಗೇ ಆಗಿದ್ದು." ಮತ್ತೆ ಶುರು ಮಾಡಿ ಇನ್ನೊಮ್ಮೆ ಸುತ್ತಿಸಿದರು, ಮತ್ತೊಮ್ಮೆ. ಮೂರನೆಯ ಸಲ ಬಾಲ ಹೊರಟದ್ದೇ ಅವರ ಕೈ ಸರಕ್ಕನೆ ಎದುರು ತಿರುಗಿತು. ಗಾಡಿ ಓಲಾಡಿ, ಅರ್ಧಕ್ಕೇ ತಡೆದು ನಿಂತಿತು. ತಾವು ಮಾಡಿದ್ದು ನೋಡಿ ಅವರಿಗೇ ಅಚ್ಚರಿ. ಕೈಯನ್ನು ಸ್ಟೀರಿಂಗ್ ಮೇಲಿಂದ ತೆಗೆಯದೆ ಹಾಗೇ ಕೂತರು. ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಕೈ ಸರಿ ಇದೆ," ಎಂದರು, ಯಾರಿಗೋ ಎಂಬಂತೆ. ಅವನ ಕಡೆ ನೋಡಲಿಲ್ಲ.

ಅವನು ಇಳಿದು ಅಕ್ಕನ ಹತ್ತಿರ ಹೋದ. ಕಾಲು ಹಿಡಿಯಬೇಕೋ, ಅಳಬೇಕೋ ತಿಳಿಯದೆ ಒದ್ದೆ ಮಂಡಿಯಲ್ಲಿ ಮೆಟ್ಟಿಲ ಕೆಳಗೆ ನಿಂತ. ಅಕ್ಕ ಪ್ಲಾಸ್ಟರಿನ ಅಂಚಿನಿಂದ ಹೊರಗಿದ್ದ ಬೆರಳುಗಳನ್ನು ಮಡಿಸಿ, ಬಿಚ್ಚಿ ನೋಡಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾವು ಯಾರೋ ಗಿರಾಕಿಗಳಾಗಿ ಬಂದಿದ್ರೆ ಸರಿಯಾಗಿ ಹಾಕಿರ್ತಿದ್ದೆ, ಅಲ್ವಾ?"

ಅವನ ಹತ್ತಿರ ಉತ್ತರವಿತ್ತು. ಆ ಉತ್ತರ ಹೌದು ಎಂದೇ ಆಗಿತ್ತು. ಅವನು ಗಾಡಿಯ ಕಡೆ ತಿರುಗಿದ. ಹೋಗಿ ಮತ್ತೆ ಜಾಕ್ ಏರಿಸಿ, ನಾಲ್ಕೂ ಚಕ್ರ ಇಳಿಸಿ, ಹೊಸದನ್ನು ಹಿಂದಕ್ಕೆ ಹಾಕಿದ. ಮನೆಗೆ ಬರುವಾಗ ಭಾವನೇ ಓಡಿಸಿದರು. ಕಾರ್ಖಾನೆಯ ಇಳಿಜಾರಿನ ಆ ತಿರುವಿನಲ್ಲಿ ಕೂಡ.

ಗಾಡಿ ಮಾರುವ ಮಾತು ನಿಂತಿತು. ಹಳದಿ ಫಲಕ ಮಂಚದ ಕೆಳಗಿಂದ ಎದ್ದು ಮತ್ತೆ ಗಾಡಿಯ ತಲೆ ಏರಿತು. ಕಲಿಯುವವರು ಒಬ್ಬೊಬ್ಬರಾಗಿ ವಾಪಸ್ ಬಂದರು. ಅಕ್ಕನ ಪ್ಲಾಸ್ಟರ್ ಬಿಚ್ಚಿದರು, ಆದರೆ ಮಣಿಕಟ್ಟು ಮೊದಲಿನಷ್ಟು ಬಗ್ಗಲಿಲ್ಲ. ಕಾರ್ಖಾನೆಯಲ್ಲಿ ಅವಳನ್ನು ಕತ್ತರಿಯ ಮೇಜಿನಿಂದ ಗುಂಡಿ ಎಣಿಸುವ ಮೇಜಿಗೆ ಹಾಕಿದರು. ಅವನು ಹೋದರೆ ಈಗಲೂ ಊಟಕ್ಕೆ ಎಬ್ಬಿಸುತ್ತಿದ್ದರು, ಮಾತಾಡಿಸುತ್ತಿದ್ದರು. ಯಾರೂ ಆ ವಿಷಯ ಎತ್ತಲಿಲ್ಲ.

ಮುಂದಿನ ಮಳೆಗಾಲ ಶುರುವಾಗುವ ಮೊದಲು ಒಂದು ಬೆಳಿಗ್ಗೆ, ಗಾಡಿಗಳ ಸಾಲಿನ ತುದಿಯಲ್ಲಿ ಆ ಹಳದಿ ಫಲಕ ಕಂಡಿತು. ಭಾವ ಎಂದಿನಂತೆ ಬೀಗದ ಕೈ ಕೊಟ್ಟು ಹೋಗಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ, ಬೋರ್ಡಿನ ಕೆಳಗೆ ಕೂತರು.

ಅವನು ಕೈ ಒರೆಸಿಕೊಳ್ಳುತ್ತ ಓಡಿ ಬಂದ. "ಇಲ್ಯಾಕೆ ಕೂತಿರಿ ಭಾವ? ನಮ್ಮನೆ ಗಾಡಿ, ಮೊದಲು ಮಾಡಿಬಿಡ್ತೀನಿ. ಒಳಗೆ ಬನ್ನಿ."

"ಬೇಡಪ್ಪ," ಎಂದರು ಭಾವ, ಬೇಸರವಿಲ್ಲದೆ, ಪಕ್ಕದವನಿಗೂ ಸ್ವಲ್ಪ ಜಾಗ ಬಿಡುತ್ತ. "ಸಾಲಲ್ಲೇ ಬರ್ತೀನಿ. ಎಲ್ಲರಿಗೂ ಮಾಡೋ ಹಾಗೆ ಮಾಡು, ಸಾಕು."